ಆರು ಗಂಟೆಯ ವರದಿ

“ರಜೆ ತಗೊಳ್ಳಿ ಮೇಡಂ, ಯಾರು ಬೇಡ ಅಂದ್ರು? ಲ್ಯಾಪ್‌ಟಾಪ್ ಒಂದು ಜೊತೇಲಿರಲಿ ಅಷ್ಟೆ,” ಎಂದು ಸ್ಮೂತ್ ಸಾರ್ ಅವಳ ರಜೆಯ ಅರ್ಜಿಯನ್ನು ಸಹಿ ಹಾಕದೆಯೇ ಮೇಜಿನ ಈಚೆಗೆ ತಳ್ಳಿದರು.

ಅವಳು ಅದನ್ನು ಮತ್ತೆ ಆಚೆಗೆ ತಳ್ಳಿದಳು. “ತಂಗಿಗೆ ಹೆರಿಗೆ ಸಾರ್. ಹೋದ ಸಲ ಮಗು ಉಳೀಲಿಲ್ಲ. ಅಮ್ಮ ಇಲ್ಲ, ಇರೋಳು ನಾನೊಬ್ಬಳೇ. ಆಸ್ಪತ್ರೇಲಿ ಕೂತು ಲೋಡ್ ಮಾಡೋಕಾಗುತ್ತಾ?”

“ಬೆಳಿಗ್ಗೆ ಒಂದು ಗಂಟೆ ಕೆಲಸ. ಹೆರಿಗೆ ಏನು ಸರಿಯಾಗಿ ಅದೇ ಗಂಟೇಲಿ ಆಗುತ್ತಾ?”

ಯಾರು ಏನು ಕೇಳಿದರೂ ‘ಎಲ್ಲಾ ಸ್ಮೂತಾಗಿ ನಡೀತಿದೆ’ ಎನ್ನುವುದರಿಂದ ಅವರಿಗೆ ಆ ಹೆಸರು ಬಿದ್ದಿತ್ತು. ಕೆಟ್ಟ ಮನುಷ್ಯರೇನಲ್ಲ. ಯಾರಾದರೂ ಅತ್ತರೆ ತಮ್ಮ ಕರವಸ್ತ್ರವನ್ನೇ ಕೊಟ್ಟುಬಿಡುವಂಥವರು. ಆದರೆ ಯಜಮಾನರ ಮುಂದೆ ಒಂದು ಸಲ ಆಡಿದ ಮಾತನ್ನು ತಿದ್ದಿಕೊಳ್ಳುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಅವರು ಆಡಿದ ಆ ಮಾತು, “ಇನ್ನು ಮೇಲೆ ಎಲ್ಲಾ ಆಟೋಮ್ಯಾಟಿಕ್ ಸಾರ್.”

ಕಂಪನಿ ಮಾರುತ್ತಿದ್ದದ್ದು ನಲ್ಲಿ, ಷವರು, ಸಿಂಕು. ಊರೂರಲ್ಲಿ ಅಂಗಡಿಗಳು. ಕಟ್ಟಡದ ಕೆಳಗೆ ಸಾಮಾನಿನ ಗೋಡೌನು. ಮೇಲಿನ ಮಹಡಿಯಲ್ಲಿ, ಅಂಗಡಿಗಳಿಗೆ ಏನು ಹೋಯಿತು, ಏನು ಮಾರಾಟವಾಯಿತು, ಗೋಡೌನಿನಲ್ಲಿ ಏನು ಉಳಿಯಿತು ಎಂಬ ಲೆಕ್ಕವೆಲ್ಲ ಬಂದು ಬೀಳುವ ಡೇಟಾ ವೇರ್‌ಹೌಸ್, ಅಂದರೆ ಲೆಕ್ಕದ ಗೋಡೌನು. ಕೆಳಗಿನದಕ್ಕೆ ಬೀಗವಿತ್ತು, ಕಾವಲಿತ್ತು, ಪೆಟ್ಟಿಗೆ ಎಣಿಸುವ ಗೋಡೌನ್ ಅಣ್ಣ ಇದ್ದರು. ಮೇಲಿನದಕ್ಕೆ ಅವಳಿದ್ದಳು.

ಹೊರಗಿನಿಂದ ಬಂದ ಒಬ್ಬ ಸಲಹೆಗಾರ ಇದನ್ನೆಲ್ಲ ತಾನಾಗಿಯೇ ಮಾಡುವ ಪ್ರೋಗ್ರಾಂ ಬರೆದುಕೊಟ್ಟಿದ್ದ. ಅಂಗಡಿಗಳ ಫೈಲುಗಳನ್ನು ಒಳಗೆ ಎಳೆದುಕೊಳ್ಳುವುದು, ಅಂದರೆ ‘ಲೋಡ್’, ಒಂದು ಭಾಗ. ಬೆಳಿಗ್ಗೆ ಆರಕ್ಕೆ ವರದಿ ತಯಾರಿಸಿ ಎಲ್ಲರ ಫೋನಿಗೆ ಕಳಿಸುವುದು ಇನ್ನೊಂದು ಭಾಗ. ಯಜಮಾನರಿಗೆ ತೋರಿಸಿದ ದಿನ ಎರಡೂ ಬೆಣ್ಣೆಯಂತೆ ಓಡಿದವು, ಎಲ್ಲರೂ ಚಪ್ಪಾಳೆ ತಟ್ಟಿದರು, ಸಲಹೆಗಾರ ಹೊರಟುಹೋದ. ಮರುದಿನ ಒಂದು ಅಂಗಡಿಯವನು ಸಂಖ್ಯೆ ಬರೆಯಬೇಕಾದ ಕಡೆ ‘ನಾಳೆ ಹೇಳ್ತೀನಿ’ ಎಂದು ಬರೆದು ಕಳಿಸಿದ. ಪ್ರೋಗ್ರಾಂ ಅಲ್ಲಿಯೇ ಕುಸಿದು ಕೂತಿತು.

“ಇವತ್ತೊಂದು ದಿನ ಕೈಯಲ್ಲೇ ಸರಿಮಾಡಿ ಹಾಕಿಬಿಡಿ ಮೇಡಂ,” ಎಂದಿದ್ದರು ಸ್ಮೂತ್ ಸಾರ್. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ. ಒಬ್ಬ ತಾರೀಕನ್ನು ಹಿಂದುಮುಂದಾಗಿ ಬರೆಯುತ್ತಿದ್ದ. ಒಬ್ಬ ಷವರು ಮತ್ತು ನಲ್ಲಿಯನ್ನು ಒಂದೇ ಸಾಲಿನಲ್ಲಿ ತುರುಕುತ್ತಿದ್ದ. ಇನ್ನೊಬ್ಬಳು ಪ್ರತಿ ಫೈಲಿನ ತಲೆಯ ಮೇಲೆ ‘ಶುಭೋದಯ’ ಎಂದು ಬರೆಯದೆ ಬಿಡುತ್ತಿರಲಿಲ್ಲ, ಬೇಡವೆಂದರೆ ನೊಂದುಕೊಳ್ಳುತ್ತಿದ್ದಳು. ಇವಳು ದಿನಾ ನಸುಕಿನಲ್ಲಿ ಎದ್ದು, ಮುಖಕ್ಕೆ ನೀರು ಹಾಕುವ ಮೊದಲೇ, ಈ ಶುಭೋದಯಗಳನ್ನೆಲ್ಲ ಅಳಿಸಿ ಫೈಲುಗಳನ್ನು ಒಳಗೆ ದೂಡುತ್ತಿದ್ದಳು. ಆರು ಗಂಟೆಗೆ ವರದಿ ಹೋಗುತ್ತಿತ್ತು. ಹಾಗಾಗಿ ಕಂಪನಿಯಲ್ಲಿ ಎಲ್ಲರೂ ಆಟೋಮ್ಯಾಟಿಕ್ ಎಂದು ಕರೆಯುತ್ತಿದ್ದದ್ದು ಅವಳನ್ನೇ, ಅವರಿಗೆ ಗೊತ್ತಿರಲಿಲ್ಲ ಅಷ್ಟೆ.

ಎಲ್ಲ ಅಂಗಡಿಗಳಿಗೂ ಒಂದೇ ನಮೂನೆ ಮಾಡಿ ಕಡ್ಡಾಯ ಮಾಡಿಸಿದರೆ ಪ್ರೋಗ್ರಾಂ ನಿಜವಾಗಿಯೂ ತಾನಾಗಿ ಓಡುತ್ತದೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. “ಯಜಮಾನರು ಆರ್ಡರ್ ಮಾಡಬೇಕಲ್ಲ? ಇಷ್ಟು ದಿನ ಹೇಗೆ ನಡೀತಿತ್ತು ಅಂತ ಕೇಳ್ತಾರೆ,” ಎನ್ನುತ್ತಿದ್ದರು ಸ್ಮೂತ್ ಸಾರ್. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕೊನೆಗೂ ಸಹಿ ಬಿತ್ತು. ಲ್ಯಾಪ್‌ಟಾಪೂ ಚೀಲಕ್ಕೆ ಬಿತ್ತು.

ಹೆರಿಗೆ ಸರಿಯಾಗಿ ಅದೇ ಗಂಟೆಯಲ್ಲಿ ಶುರುವಾಯಿತು. ತಂಗಿಯ ಗಂಡ ರಕ್ತ ಕಂಡರೆ ಕುಸಿಯುವ ಆಸಾಮಿ. ಅವನನ್ನು ಕೆಳಗಿನ ಕ್ಯಾಂಟೀನಿಗೆ ಕಳಿಸಿ, ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದಿದ್ದಳು. ಅರ್ಧ ಫೈಲು ತಿದ್ದಿ ಆಗಿತ್ತು, ಒಂದೂ ಇನ್ನೂ ಒಳಗೆ ಹೋಗಿರಲಿಲ್ಲ. ‘ಶುಭೋದಯ’ದ ಮೇಲೆ ಬೆರಳಿತ್ತು. ಒಳಗಿನಿಂದ ತಂಗಿ ಕೂಗಿದಳು, “ಅಕ್ಕಾ.” ಚಿಕ್ಕವಳಿದ್ದಾಗ ಕತ್ತಲೆ ಕೋಣೆಯಿಂದ ಕೂಗುತ್ತಿದ್ದ ಅದೇ ಧ್ವನಿ.

ನರ್ಸು ಬಾಗಿಲಿನಿಂದ ತಲೆ ಹಾಕಿದಳು. “ನೀವೇನಾ ಅಕ್ಕ? ಆಫೀಸಿಗೆ ಬಂದಿದೀರೋ ಆಸ್ಪತ್ರೆಗೆ ಬಂದಿದೀರೋ?”

ಅವಳು ಮುಚ್ಚಳ ಮುಚ್ಚಿ ಒಳಗೆ ಹೋದಳು. ತಂಗಿ ಹಿಡಿದ ಕೈಯಲ್ಲಿ ಉಗುರಿನ ಗುರುತು ಉಳಿಯಿತು. ಬಿಸಿಲು ಏರುವ ಹೊತ್ತಿಗೆ ಹೆಣ್ಣುಮಗು ಹುಟ್ಟಿ, ಮೊದಲು ಸುಮ್ಮನಿದ್ದು, ಎಲ್ಲರ ಜೀವ ಬಾಯಿಗೆ ತಂದು, ಆಮೇಲೆ ಅತ್ತಿತು. ಅವಳೂ ಅತ್ತಳು. ಲೋಡ್ ನೆನಪಾದದ್ದು ಮಧ್ಯಾಹ್ನ.

ಯಜಮಾನರ ಬೈಗುಳ ಬಂದಿರುತ್ತದೆಂದು ಹೆದರುತ್ತಲೇ ಫೋನು ತೆಗೆದಳು. ಆರು ಗಂಟೆಯ ವರದಿ ಬಂದಿತ್ತು. ಕಳಿಸುವ ಭಾಗ ಮಾತ್ರ ನಿಜವಾಗಿಯೂ ಆಟೋಮ್ಯಾಟಿಕ್ ತಾನೆ. ಒಳಗೆ ಹೊಸದು ಬಂತೋ ಇಲ್ಲವೋ ಅದಕ್ಕೇನು? ನೆತ್ತಿಯ ಮೇಲೆ ಇವತ್ತಿನ ತಾರೀಕು, ಕೆಳಗೆ ನಿನ್ನೆಯ ಅಂಕಿಗಳು, ಒಂದೂ ಅಲುಗದೆ. ಅದರ ಕೆಳಗೆ ಯಜಮಾನರ ಉತ್ತರವಿತ್ತು: ‘ಮಾರಾಟ ಸ್ಥಿರವಾಗಿದೆ. ಸಂತೋಷ.’ ಅದಕ್ಕೆ ಸ್ಮೂತ್ ಸಾರ್ ಹೆಬ್ಬೆರಳು ಎತ್ತಿದ್ದರು.

ಬೈದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆಗಲೇ ಕೂತು ಲೋಡ್ ಮಾಡಬಹುದಿತ್ತು, ಅರ್ಧ ಗಂಟೆಯ ಕೆಲಸ. ವರ್ಷಗಟ್ಟಲೆ ಕೆಟ್ಟ ನಿದ್ದೆ, ತಣ್ಣಗಾದ ಕಾಫಿ, ಗಂಡನ ಜೊತೆ ಮಾಡಿದ ಜಗಳ ಎಲ್ಲ ಒಟ್ಟಿಗೆ ನೆನಪಾದವು. ‘ನೋಡೋಣ, ಎಷ್ಟು ದಿನಕ್ಕೆ ಇವರು ಕಣ್ಣು ಬಿಡ್ತಾರೆ’ ಎಂದುಕೊಂಡು ಲ್ಯಾಪ್‌ಟಾಪನ್ನು ಮಂಚದ ಕೆಳಗೆ, ಮಗುವಿನ ಬಟ್ಟೆಯ ಚೀಲದ ಹಿಂದೆ ನೂಕಿದಳು.

ಮರುದಿನವೂ ಅದೇ ಅಂಕಿ. ಅದರ ಮರುದಿನವೂ ಅದೇ. ಯಜಮಾನರು ‘ಈ ಸ್ಥಿರತೆ ಕಾಪಾಡಿಕೊಳ್ಳಿ’ ಎಂದು ಎಲ್ಲ ಅಂಗಡಿಯವರಿಗೂ ಬರೆದ ದಿನ ಅವಳು ಎಷ್ಟು ನಕ್ಕಳೆಂದರೆ, ಹಾಲುಣಿಸುತ್ತಿದ್ದ ತಂಗಿ ಗಾಬರಿಯಾದಳು.

“ಏನಕ್ಕಾ?”

“ಏನಿಲ್ಲ ಕಣೇ. ನಮ್ಮ ಕಂಪನಿ ತುಂಬಾ ಸ್ಥಿರವಾಗಿದೆಯಂತೆ.”

ವಾರ ಕಳೆದು ಅವಳು ಕೆಲಸಕ್ಕೆ ಮರಳಿದಳು. ಆ ದಿನ ನಸುಕಿನಲ್ಲಿ ಎದ್ದು, ಬಾಕಿ ಇದ್ದ ಫೈಲುಗಳನ್ನೆಲ್ಲ ತಿದ್ದಿ ಒಳಗೆ ಹಾಕಿಯೇ ಮನೆ ಬಿಟ್ಟಿದ್ದಳು. ಸಿಟ್ಟು ಇಳಿದಿರಲಿಲ್ಲ, ಆದರೆ ಅಭ್ಯಾಸವೂ ಬಿಟ್ಟಿರಲಿಲ್ಲ.

ಸ್ಮೂತ್ ಸಾರ್ ಎದ್ದು ನಿಂತು ಅಭಿನಂದಿಸಿದರು. “ಆಸ್ಪತ್ರೆಯಿಂದಲೂ ಒಂದು ದಿನಾನೂ ತಪ್ಪಿಸಲಿಲ್ಲ ನೋಡಿ. ಹೀಗಿರಬೇಕು ಕೆಲಸ ಅಂದ್ರೆ.” ಆಮೇಲೆ ದನಿ ತಗ್ಗಿಸಿದರು. “ಕೆಳಗೆ ಮಾತ್ರ ಒಂದು ರಗಳೆ. ನಮ್ಮ ಗೋಡೌನ್ ಅಣ್ಣಂಗೆ ವಯಸ್ಸಾಯ್ತು ಮೇಡಂ. ನೀವು ಹೋದಾಗಿನಿಂದ ಅವರ ಲೆಕ್ಕ ಒಂದು ದಿನಾನೂ ಸರಿಬರಲಿಲ್ಲ. ವರದೀಲಿ ಇರೋ ಪೆಟ್ಟಿಗೆ ರ‍್ಯಾಕಲ್ಲಿ ಇಲ್ಲ. ದಿನಾ ಮತ್ತೆ ಎಣಿಸಿ, ಮತ್ತೆ ಎಣಿಸಿ ಅಂತ ನಾನೇ ಹೇಳ್ಬೇಕಾಯ್ತು. ‘ನಾನೇ ಲಾರಿಗೆ ಹತ್ತಿಸಿದ್ದೀನಿ ಸಾರ್’ ಅಂತಾರೆ. ‘ವರದೀಲಿ ಮನುಷ್ಯರ ಕೈಯೇ ಇಲ್ಲ ಅಣ್ಣ, ಅದು ಹೇಗೆ ತಪ್ಪುತ್ತೆ’ ಅಂದೆ.”

“ಹಾಗಂದ್ರಾ ನೀವು?”

“ಮತ್ತೇನನ್ನಲಿ? ಪಾಪ, ಹೋಗಿ ಕಣ್ಣು ತೋರಿಸಿ ಕನ್ನಡಕ ಮಾಡಿಸ್ಕೊಂಡು ಬಂದಿದಾರೆ. ಇವತ್ತು ಸರಿಬಂತು ಅನ್ನಿ. ಆದ್ರೂ ಯಜಮಾನರು ಅವರನ್ನ ಗೇಟಿಗೆ ಹಾಕೋಣ ಅಂತಿದಾರೆ. ಕೂತು ಮಾಡೋ ಕೆಲಸ, ಅವರಿಗೂ ಹಾಯಿ.”

ಗೋಡೌನ್ ಅಣ್ಣ ಅವಳಿಗೆ ಪ್ರಿಯರೇನಲ್ಲ. ವರ್ಷಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಬಂದು ನಿಮ್ಮ ಲೆಕ್ಕ ತಪ್ಪು ಎಂದು ಜಗಳ ತೆಗೆಯುವ ಆಸಾಮಿ, ಅದರಲ್ಲಿ ಅರ್ಧ ಸಲ ಅವರದೇ ತಪ್ಪಿರುತ್ತಿತ್ತು. ಆದರೆ ತಮ್ಮ ಕಣ್ಣಿನ ಮೇಲೆ ಅವರಿಗೆ ಎಲ್ಲಿಲ್ಲದ ಜಂಬ. ಆ ಮನುಷ್ಯ ಕನ್ನಡಕದ ಅಂಗಡಿಗೆ ಹೋದರೆಂದರೆ, ಅದಕ್ಕೆ ಮೊದಲು ಎಷ್ಟು ಸಲ ಎಣಿಸಿರಬೇಕು?

“ಅವರ ಕಣ್ಣು ಸರಿಯಾಗೇ ಇದೆ ಸಾರ್,” ಎಂದಳು. “ನಾನು ಲೋಡ್ ಮಾಡಿರಲಿಲ್ಲ. ಒಂದು ದಿನಾನೂ ಮಾಡಲಿಲ್ಲ. ನೀವೆಲ್ಲ ನೋಡ್ತಿದ್ದದ್ದು ಹಳೇ ಅಂಕಿ.”

ಸ್ಮೂತ್ ಸಾರ್ ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು. “ನಿಧಾನವಾಗಿ ಮಾತಾಡಿ. ಈಗ ಸರಿಯಾಯ್ತಲ್ಲ? ಮುಗೀತು. ಯಜಮಾನರಿಗೆ ಇದನ್ನ ಹೇಳಿದ್ರೆ ನಿಮಗೂ ಒಳ್ಳೇದಲ್ಲ, ನನಗೂ ಒಳ್ಳೇದಲ್ಲ.”

“ಅಣ್ಣಂಗೆ?”

“ಅವರಿಗೆ ಹೇಗೂ ಕನ್ನಡಕ ಬೇಕಾಗ್ತಿತ್ತು ಬಿಡಿ, ಇವತ್ತಲ್ಲ ನಾಳೆ.”

ಅವಳು ಬಾಗಿಲು ತೆರೆದು ಹೊರಬಂದಳು. ತನ್ನ ಜಾಗಕ್ಕೆ ಹೋಗಿ ಕೂತಳು. ಪಕ್ಕದ ಮೇಜಿನವರು ಮಗುವಿನ ಫೋಟೋ ಕೇಳಿದರು; ಆಮೇಲೆ ತೋರಿಸುತ್ತೇನೆ ಎಂದಳು. ಬೆಳಗಿನ ವರದಿಯನ್ನು ತೆರೆದು, ಅದು ಯಾರು ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ಸೇರಿಸಿ ಬರೆದಳು: ‘ಹೋದ ವಾರದ ವರದಿಗಳು ತಪ್ಪು. ಲೋಡ್ ಆಗಿರಲಿಲ್ಲ. ಲೋಡ್ ಆಟೋಮ್ಯಾಟಿಕ್ ಅಲ್ಲ, ದಿನಾ ನಾನು ಕೈಯಲ್ಲಿ ಮಾಡುತ್ತೇನೆ. ಹೋದ ವಾರ ನಾನು ಮಾಡಲಿಲ್ಲ, ಬೇಕೆಂದೇ ಮಾಡಲಿಲ್ಲ. ಗೋಡೌನಿನ ಎಣಿಕೆ ಪ್ರತಿದಿನವೂ ಸರಿಯಾಗಿತ್ತು.’ ‘ಬೇಕೆಂದೇ’ ಎಂಬುದನ್ನು ಅಳಿಸಿದಳು, ಮತ್ತೆ ಬರೆದಳು. ಕಳಿಸಿ, ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಇಳಿದಳು.

ಗೋಡೌನಿನಲ್ಲಿ ಹೊಸ ರಟ್ಟಿನ ವಾಸನೆ. ಅಣ್ಣ ರ‍್ಯಾಕಿಗೆ ಒರಗಿಸಿದ್ದ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಮುಂದಿನದು ಎಲ್ಲಿದೆಯೆಂದು ಪಾದದಿಂದ ತಡಕುತ್ತಿದ್ದರು. ದಪ್ಪ ಚೌಕಟ್ಟಿನ ಕನ್ನಡಕ ಮೂಗಿಗೆ ಇನ್ನೂ ಒಗ್ಗಿರಲಿಲ್ಲ.

“ಬಂದ್ರಾ? ತಂಗಿಗೇನು ಮಗು?”

“ಹೆಣ್ಣುಮಗು ಅಣ್ಣ. ಚೆನ್ನಾಗಿದೆ.”

“ಒಳ್ಳೇದಾಯ್ತು. ನೋಡಿ, ನಿಮ್ಮ ಮೇಲೆ ಇನ್ನು ಜಗಳಕ್ಕೆ ಬರಲ್ಲ.” ಅವರು ಕನ್ನಡಕ ಮುಟ್ಟಿ ತೋರಿಸಿದರು. “ಮಗಳು ಆರಿಸಿದ್ದು. ಹಾಕ್ಕೊಂಡ್ರೆ ತಲೆ ತಿರುಗುತ್ತೆ, ಏಣಿ ಮೆಟ್ಟಿಲು ಎರಡೆರಡು ಕಾಣ್ಸುತ್ತೆ. ಆದ್ರೆ ಲೆಕ್ಕ ಸರಿಬಂತು ನೋಡಿ ಇವತ್ತು. ಇಷ್ಟು ದಿನ ಕಣ್ಣೇ ನನಗೆ ಮೋಸ ಮಾಡ್ತಿತ್ತು.”

ಅವಳು ಸುತ್ತಿಬಳಸದೆ ಹೇಳಿದಳು. ಲೋಡ್ ಎಂದರೇನು, ಅದನ್ನು ಯಾರು ಮಾಡುತ್ತಿದ್ದರು, ಆಸ್ಪತ್ರೆಯಲ್ಲಿ ಮೊದಲ ದಿನ ಏಕೆ ಆಗಲಿಲ್ಲ, ಉಳಿದ ದಿನ ಏಕೆ ಮಾಡಲಿಲ್ಲ. “ತಪ್ಪು ನಂದು ಅಣ್ಣ. ನನ್ನ ಸಿಟ್ಟು ಯಜಮಾನರು, ಸಾರ್ ಮೇಲಿತ್ತು. ನಿಮಗೆ ತಗಲುತ್ತೆ ಅಂತ ಹೊಳೀಲಿಲ್ಲ.”

ಅಣ್ಣ ಏಣಿಯಿಂದ ಕಾಲು ಕೆಳಗಿಟ್ಟರು. ಆಮೇಲೆ ಬಂದದ್ದು ಬೈಗುಳವೇ. “ಒಂದು ಫೋನ್ ಮಾಡೋಕೆ ಏನಾಗಿತ್ತಮ್ಮಾ ನಿಮಗೆ? ಒಂದೇ ಒಂದು ಫೋನ್? ಇಡೀ ಗೋಡೌನನ್ನ ಇಳಿಸಿ ಹತ್ತಿಸಿದ್ದೀನಿ ನಾನು. ಊಟಕ್ಕೆ ಕೂತ್ರೆ ಅನ್ನ ಸರಿಯಾಗಿ ಕಾಣ್ತಿದೆಯೋ ಇಲ್ವೋ ಅಂತ ನೋಡ್ಕೊಂಡಿದ್ದೀನಿ. ಮೊಮ್ಮಗನ್ನ ಎತ್ಕೊಳ್ಳೋಕೆ ಹೆದರಿದ್ದೀನಿ, ಎಲ್ಲಿ ಎಡವಿ ಬೀಳಿಸ್ತೀನೋ ಅಂತ.”

“ಹೌದಣ್ಣ.”

“ಹೌದಣ್ಣ ಅಂದ್ರೆ ಆಯ್ತಾ?”

ಆಗಲಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳ ಕೈಯಲ್ಲಿದ್ದ ಫೋನು ನಡುಗತೊಡಗಿತು. ಸ್ಮೂತ್ ಸಾರ್ ಹೆಸರು ಮೂಡಿ, ಆರಿ, ಮತ್ತೆ ಮೂಡಿತು. ಅವಳು ತೆಗೆಯಲಿಲ್ಲ.

ಅಣ್ಣ ಕನ್ನಡಕ ಕಳಚಿದರು. ಎರಡೂ ಕೈಗಳಿಂದ ಕಣ್ಣು ಉಜ್ಜಿಕೊಂಡರು. ಅದನ್ನು ಜೇಬಿಗೆ ಹಾಕಲು ಹೋಗಿ, ಬೇಡವೆನಿಸಿತೋ ಏನೋ, ಹಿಡಿಯಿರಿ ಎನ್ನುವಂತೆ ಅವಳ ಕಡೆ ಚಾಚಿದರು. ಅವಳು ಹಿಡಿದುಕೊಂಡಳು. ಅವರು ಅಲ್ಲಿಂದಲೇ, ಗೋಡೌನಿನ ಕೊನೆಯ ರ‍್ಯಾಕಿನ ಮೇಲಿನ ಹಲಗೆಯ ಕಡೆ ತಲೆಯೆತ್ತಿದರು. ಅಷ್ಟು ದೂರದ ಪೆಟ್ಟಿಗೆಗಳ ಚೀಟಿಗಳು ಅವಳಿಗೆ ಬರೀ ಬಿಳಿಯ ಚುಕ್ಕೆಗಳಾಗಿ ಕಂಡವು.

“ಸಿಂಕಿನ ನಲ್ಲಿ, ಉದ್ದ ಕತ್ತಿನದು,” ಎಂದರು ಅಣ್ಣ, ಒಂದೊಂದೇ ಮಾತನ್ನು ಬಿಡಿಸಿ. “ಅದರ ಪಕ್ಕ ಗೋಡೆ ನಲ್ಲಿ, ಸಣ್ಣದು. ಪಕ್ಕ ಕೈ ಷವರು. ಪಕ್ಕದ್ದು ಯಾರೋ ತಲೆಕೆಳಗೆ ಇಟ್ಟಿದಾರೆ.” ಸ್ವಲ್ಪ ತಡೆದು, ಕತ್ತು ವಾರೆ ಮಾಡಿ, ಅದನ್ನೂ ಓದಿದರು. ಆಮೇಲೆ ಮುಂದಿನ ಸಾಲಿಗೆ ಹೋದರು.

ಫೋನು ನಡುಗುತ್ತಲೇ ಇತ್ತು. ಅವಳು ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಕನ್ನಡಕವನ್ನೂ ಹಿಡಿದು, ಅವರು ಓದಿ ಮುಗಿಸುವವರೆಗೆ ನಿಂತಿದ್ದಳು.