ಕುಣಿಗಿಳಿದ ಚಪ್ಪಲಿ

ಸುರೇಖಾಳ ನಗೆ ವಿಡಿಯೋ ಅಂದರೆ ಇಳಕಲ್ಲಿನ ಮಂದಿ ಊಟ ಬಿಟ್ಟು ನೋಡುತ್ತಿದ್ದರು. ಈ ಸಲ ನೇಕಾರ ಹೆಂಗಸಿನ ವೇಷ ಹಾಕಿ, ದೌಲತಬಿ ಎಂಬ ಮುದುಕಿಯ ಮಗ್ಗದಲ್ಲಿ ಕೂತು ಮಾಡಿದ್ದು ಮಾತ್ರ ಅವಳ ನಿದ್ದೆ ಕೆಡಿಸಿತು. ಒಂದೇ ದಿನಕ್ಕೆ ಆರುನೂರು ಕಾಮೆಂಟು. ಮೈಗೆ, ನಡತೆಗೆ, ಸತ್ತ ಅಪ್ಪನಿಗೂ ಬೈಗುಳ. ಓದದೆಯೇ ಎಲ್ಲ ಅಳಿಸಿದಳು, ಸಿಕ್ಕಸಿಕ್ಕವರನ್ನು ಬ್ಲಾಕ್ ಮಾಡಿದಳು. ಕಸದ ಜೊತೆ ಕಿವಿಯೋಲೆಯನ್ನೂ ಗುಡಿಸಿ ಒಗೆದಂತೆ, ಒಂದು ಒಳ್ಳೆಯ ಮಾತೂ ಅಳಿಸಿಹೋದದ್ದು ಆಗ ತಿಳಿಯಲಿಲ್ಲ.

ಎರಡನೆಯ ಭಾಗಕ್ಕೆ ಮಗ್ಗ ಕೇಳಲು ಫೋನ್ ಮಾಡಿದರೆ ದೌಲತಬಿ ಎತ್ತಲೇ ಇಲ್ಲ. ಮೂರು ಸಲ ಮಾಡಿದಳು. ಚಿತ್ರೀಕರಣಕ್ಕೆ ಮಗ್ಗ ಬಿಟ್ಟುಕೊಡುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೇ ಮುದುಕಿಯ ಮನೆಗೆ ಓಡಿದಳು.

ದೌಲತಬಿ ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮೊಮ್ಮಗಳು ಆಫ್ರೀನಳ ಫೋನಿನ್ಯಾಗ ನಾನ ಒಂದು ಕಾಮೆಂಟ್ ಬರಸಿದ್ದೆ. ವಿಡಿಯೋ ಭಾಳ ಛಲೋ ಆಗೇತಿ, ಆದ್ರ ಕುಣಿಗೆ ಚಪ್ಪಲಿ ಹಾಕ್ಕೊಂಡು ಇಳೀಬಾರದು ತಂಗಿ, ಅದು ಅನ್ನ ಕೊಡೋ ಜಾಗಾ ಅಂತ. ಅದೂ ಬೈಗುಳಾನೇನು? ಆಕೀನೂ ಬ್ಲಾಕ್ ಮಾಡೀಯಲ್ಲ!"

ಸುರೇಖಾಳ ಮುಖ ಬಾಡಿತು. ಚಿತ್ರೀಕರಣದ ದಿನ ದೌಲತಬಿ ಹುನಗುಂದಕ್ಕೆ ಮದುವೆಗೆ ಹೋಗಿದ್ದಳು, ತಡೆಯುವವರಿರಲಿಲ್ಲ.

"ತಪ್ಪಾತ್ರಿ ಚಾಚಿ. ಅಂಜಿ, ಓದಲಾರದ ಅಳಿಸಿಬಿಟ್ಟೆ."

ಅಲ್ಲೇ ನೆಲದ ಮೇಲೆ ಕೂತು ಆಫ್ರೀನಳ ಬ್ಲಾಕ್ ತೆಗೆದಳು. ದೌಲತಬಿಯ ಮಾತನ್ನು ಅವಳ ಹೆಸರು ಹಾಕಿಯೇ ವಿಡಿಯೋದ ಕೆಳಗೆ ಬರೆದು, ತಪ್ಪು ನನ್ನದು ಎಂದು ಸೇರಿಸಿದಳು. ದೌಲತಬಿ ನಕ್ಕು, ಎದ್ದು ಚಹಾಕ್ಕಿಟ್ಟಳು.

ಚಹಾ ಕುದಿಯುವಷ್ಟರಲ್ಲಿ ಫೋನು ಗುಂಯ್‌ಗುಟ್ಟತೊಡಗಿತು. ಹೊಲಸು ಬಾಯಿಯವರಿಗೆ ಬೇರೆ ಕೆಲಸವೆಲ್ಲಿ? ಈ ಸಲದ ಬೈಗುಳ ಮಾತ್ರ ದೌಲತಬಿಗೆ. 'ಮುದುಕಿ ಮನಿ ಗೊತ್ತೈತಿ, ಬೆಂಕಿ ಹಚ್ತೇವಿ' ಎಂದೊಬ್ಬ ಬರೆದಿದ್ದ.

ಸುರೇಖಾಗೆ ಆಗ ಹೊಳೆಯಿತು. ಹೆಸರು ಹಾಕಿ ಮುದುಕಿಯನ್ನು ಅವರ ಬಾಯಿಗೆ ಕೊಟ್ಟವಳು ತಾನೇ. ಬೆರಳು ಅಳಿಸಲು ಹೋಯಿತು. ಆದರೆ ಅಳಿಸಲಿಲ್ಲ. ಒಂದೊಂದನ್ನೂ ಬರೆದವನ ಹೆಸರಿನ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟಳು.

"ಏನ್ ಬಂತವ್ವಾ?"

"ನಿಮ್ಮ ಮನಿಗೆ ಬೆಂಕಿ ಹಚ್ತೇವಿ ಅಂದಾರ್ರಿ ಚಾಚಿ. ನಡ್ರಿ, ಈಗ ಪೊಲೀಸ್ ಠಾಣೆಗೆ ಹೋಗೂಣು."

ದೌಲತಬಿ ಒಲೆ ಆರಿಸಿ, ಸೆರಗು ಹೊದ್ದು ಹೊರಬಂದಳು. ಸುರೇಖಾ ಅಷ್ಟರಲ್ಲಿ ಬರಿಗಾಲಲ್ಲೇ ಓಣಿಗಿಳಿದಿದ್ದಳು. ಮುದುಕಿ ಬಗ್ಗಿ, ಹೊಸ್ತಿಲಲ್ಲಿ ಅವಳು ಬಿಟ್ಟಿದ್ದ ಜೋಡು ಎತ್ತಿ, ಓಣಿಗೆ ತಂದು ಅವಳ ಕಾಲ ಮುಂದಿಟ್ಟಳು.

"ಚಪ್ಪಲಿ ಈಗ ಹಾಕ್ಕೋ ತಂಗಿ. ಠಾಣೆ ದೂರ ಐತಿ."