ಸವೆದ ರಬ್ಬರು

ನಲವತ್ತೇಳನೇ ಮಾದರಿಯ ರೈಲು ಮೂವತ್ತೆಂಟು ವರ್ಷ ನೆಲದಡಿ ಓಡಿತು. ಕಚೇರಿಯವರು ಅದನ್ನು ಗುಜರಿ ಎಂದೇ ಕರೆದರು. ಕೊನೆಯ ಓಟದ ದಿನ ಮಾತ್ರ ಅದರ ಮೂತಿಗೆ ‘ಧನ್ಯವಾದ’ ಎಂಬ ಫಲಕ ಕಟ್ಟಿದರು. ಬದುಕಿದ್ದಾಗ ಗಂಜಿ ಹಾಕದವರು ತಿಥಿಗೆ ಹೋಳಿಗೆ ಮಾಡಿದ ಹಾಗೆ.

ನಾನು ಶೆಡ್ಡಿನ ಮೆಕ್ಯಾನಿಕ್. ದಾರಿಯಲ್ಲಿ ಕೆಟ್ಟರೆ ಇರಲಿ ಎಂದು ನನ್ನನ್ನು ಚಾಲಕನ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಚಾಲಕ ಕುಸುಮೊತೊ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನಿಲುಗಡೆಯ ಗುರುತು ದಾಟಿದವನಲ್ಲ. ಮುಂದಿನ ತಿಂಗಳು ಹೊಸ ರೈಲಿಗೆ ತರಬೇತುದಾರನಾಗುವವನು. ಒಂದು ಸಲ ಗುರುತು ದಾಟಿದರೂ ಆ ಹುದ್ದೆ ಹೋಗಿ, ವಾರಗಟ್ಟಲೆ ಕೂತು ತಪ್ಪೊಪ್ಪಿಗೆ ಬರೆಯಬೇಕು.

ಮೂರನೆಯವನು ವಿಭಾಗಾಧಿಕಾರಿ ಇಕರಾಶಿ. ಹೊಸ ಬಿಳಿ ಕೈಗವಸು ಹಾಕಿಕೊಂಡು ಫೋಟೋಕ್ಕೆಂದು ಹತ್ತಿದ್ದ. ನಮ್ಮ ಬೆನ್ನ ಹಿಂದೆ, ಪ್ರಯಾಣಿಕರ ಕಡೆಯಿಂದ ಕೋಣೆಯ ಗಾಜಿಗೆ ರೈಲುಹುಚ್ಚರು ಕ್ಯಾಮೆರಾ ಒತ್ತಿಕೊಂಡು ಹಲ್ಲಿಗಳ ಹಾಗೆ ಅಂಟಿದ್ದರು.

ಕೊನೆಯ ನಿಲ್ದಾಣ ಕಂಡಾಗ ಇಕರಾಶಿ ಚಾಲಕನ ಕಿವಿಯತ್ತ ಬಾಗಿದ.

“ಕುಸುಮೊತೊ ಸಾನ್, ಒಂದ್ ಮೀಟರ್ ಮುಂದೆ ನಿಲ್ಸಿ. ಗುರುತಿನ ಹತ್ರ ಕಂಬ ಅಡ್ಡ ಬರುತ್ತೆ, ಫಲಕ ಪೇಪರಲ್ಲಿ ಕಾಣಲ್ಲ.”

“ಗುರುತು ದಾಟಿದ್ರೆ ನಂಗೆ ತಪ್ಪು ಬರೀತಾರಲ್ಲ ಸಾಹೇಬ್ರೇ?”

“ನಾನೇ ಹೇಳ್ತಿದೀನಲ್ರೀ. ಯಾರು ಕೇಳ್ತಾರೆ?”

ಆದೇಶ ಬಂದರೆ ಬಾವಿಗೂ ಬೀಳುವ ಜಾತಿ ನಮ್ಮದು. ಆದರೆ ಚಾಲಕ ಕಂಡದ್ದನ್ನು, ಬಂದ ಆದೇಶವನ್ನು, ಬೆರಳು ತೋರಿಸಿ ಗಟ್ಟಿಯಾಗಿ ಕೂಗಬೇಕೆಂಬ ನಿಯಮವೂ ಇದೆ. ಉಳಿದವರು ಗೊಣಗುತ್ತಾರೆ. ಕುಸುಮೊತೊ ನಿಜವಾಗಿ ಕೂಗುತ್ತಾನೆ.

“ನಿಲುಗಡೆ ಗುರುತು, ಸರಿ!” ಅದೇ ಬೆರಳು ಇಕರಾಶಿಯ ಕಡೆ ತಿರುಗಿತು. “ಇಕರಾಶಿ ಸಾಹೇಬ್ರ ಆದೇಶ, ಒಂದ್ ಮೀಟರ್ ಮುಂದೆ, ಸರಿ!”

“ಅದನ್ನೆಲ್ಲ ಯಾಕ್ರೀ ಕೂಗ್ತೀರಾ?”

ರೈಲು ಒಂದು ಮೀಟರ್ ಮುಂದೆ ನಿಂತಿತು. ಫೋಟೋ ಚೆನ್ನಾಗಿ ಬಂತು.

ಮಾರನೆಯ ಬೆಳಿಗ್ಗೆ ವಿಚಾರಣೆ. “ನಾನೇನೂ ಹೇಳಿಲ್ಲಪ್ಪ,” ಎಂದ ಇಕರಾಶಿ. “ಕೊನೇ ಓಟ ಅಂತ ಮನಸ್ಸು ತುಂಬಿ ಬಂದು ಬ್ರೇಕ್ ತಡ ಮಾಡಿದಾರೆ, ಪಾಪ.” ನಾನು ಕೇಳಿದ್ದನ್ನು ಹೇಳಿದೆ. “ನೀವಿಬ್ರೂ ಒಂದೇ ಕಡೆ ಊಟ ಮಾಡೋರು” ಎಂದು ವಿಚಾರಣೆಯವರು ಅಂದರೇ ಹೊರತು ಯಾರೂ ಬರೆದುಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಲ್ಲಿಗಳಲ್ಲೊಬ್ಬನ ವಿಡಿಯೋವನ್ನು ಎರಡು ಲಕ್ಷ ಜನ ನೋಡಿದ್ದರು. ಕುಸುಮೊತೊನ ಕೂಗು, ಇಕರಾಶಿಯ ಗದರಿಕೆ, ಎರಡೂ ಸ್ಪಷ್ಟ. ಗಾಜಿನ ಸುತ್ತಲ ರಬ್ಬರು ಸವೆದು, ಮಾತು ಹೊರಗೆ ನುಸುಳುವಷ್ಟು ಬೆರಳಗಲ ಸಂದಿ ಬಿದ್ದಿತ್ತು. ಬದಲಿಸಿ ಎಂದು ನಾನು ಮೂರು ಸಲ ಅರ್ಜಿ ಕೊಟ್ಟಿದ್ದೆ. ಮೂರರ ಮೇಲೂ ‘ಗುಜರಿಗೆ ರಬ್ಬರೇಕೆ?’ ಎಂಬ ಷರಾ, ಪಕ್ಕದಲ್ಲಿ ಇಕರಾಶಿಯ ಕೆಂಪು ಮುದ್ರೆ.

ಸಂಜೆ ಕುಸುಮೊತೊನ ಮೇಲಿನ ತಪ್ಪು ಹೊಡೆದುಹಾಕಿದರು. ಇಬ್ಬರೂ ಶೆಡ್ಡಿನ ಹಿಂದೆ ಡಬ್ಬಿ ಕಾಫಿ ಕುಡಿದೆವು.

“ಸಾಹೇಬನ ಕಡೆ ಬೆರಳು ತೋರಿಸಿದ್ದು ಬೇಕಂತಲೇ ತಾನೇ?” ಎಂದೆ.

“ಅಪಾಯ ಕಂಡ್ರೆ ತೋರಿಸ್ಬೇಕು ಅಂತ ನಿಯಮದಲ್ಲೇ ಇದೆಯಲ್ಲಯ್ಯ” ಎಂದು ಡಬ್ಬಿ ಬುಟ್ಟಿಗೆಸೆದ.