ದೊಡ್ಡಮ್ಮ ಓದಿದ ಪುಟ

ದೊಡ್ಡಮ್ಮನ ಅಂಗಡಿಯಲ್ಲಿ ಅಂದೇ ಕೊಡಬೇಕಾದ ಬಟ್ಟೆಗೆ ‘ತುರ್ತು’ ಎಂದು ಬರೆದ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಿಡುವುದು ವಾಡಿಕೆ. ತಂಗಿಯ ಮಗಳು ಕಾಲೇಜಿಗೆಂದು ಬಂದು ಅಂಗಡಿಯ ಮೇಲಿನ ಕೋಣೆ ಹಿಡಿದ ಮೊದಲ ವಾರದಲ್ಲೇ ದೊಡ್ಡಮ್ಮ ಆ ಚೀಟಿಯನ್ನು ಬಟ್ಟೆಯಿಂದ ಕಿತ್ತು ಹುಡುಗಿಗೆ ಚುಚ್ಚಿಬಿಟ್ಟಳು. ಅಂದಿನಿಂದ ಅವಳು ತುರ್ತು. ದೊಡ್ಡಮ್ಮನ ತಪ್ಪೇನೂ ಇಲ್ಲ ಬಿಡಿ. ಹುಡುಗಿ ಹಲ್ಲುಜ್ಜುತ್ತಲೇ ಚಪ್ಪಲಿ ಮೆಟ್ಟುವವಳು, ಮೆಟ್ಟಿಲನ್ನು ಎರಡೆರಡಾಗಿ ಇಳಿಯುವವಳು, ಕಾದಂಬರಿ ಕೈಗೆ ಸಿಕ್ಕರೆ ಕೊನೆಯ ಪುಟ ಓದಿ ‘ಓ, ಸತ್ತೋದ್ನಾ’ ಎಂದು ಮುಚ್ಚಿಡುವವಳು. ಇಂಥವಳು ಓದಲು ಆರಿಸಿಕೊಂಡದ್ದು ಸಾಹಿತ್ಯವನ್ನು. ಯಾರ ಹತ್ತಿರ ಹೇಳಿಕೊಳ್ಳೋಣ?

ದೊಡ್ಡಮ್ಮ ಹೊಸ ಬಟ್ಟೆ ಹೊಲಿಯುವವಳಲ್ಲ. ಇದ್ದದ್ದನ್ನು ಹಿಗ್ಗಿಸುವುದು, ಕುಗ್ಗಿಸುವುದು, ಉದ್ದ ಇಳಿಸುವುದು, ಜಿಪ್ ಬದಲಿಸುವುದು ಅವಳ ಕೆಲಸ. ಆ ಬೀದಿಯಲ್ಲಿ ಯಾರ ಸೊಂಟ ಎಷ್ಟು ಬೆಳೆಯಿತು, ಯಾರು ಚಿಂತೆಯಲ್ಲಿ ಎಷ್ಟು ಸೊರಗಿದರು, ಯಾವ ಬ್ಯಾಂಕ್ ಮ್ಯಾನೇಜರ್ ‘ಎರಡಿಂಚು ಕಮ್ಮಿ ಬರ್ಕೊಳ್ಳಿ’ ಎಂದು ಗೋಗರೆದ, ಎಲ್ಲವೂ ಅವಳ ಅಳತೆ ಪುಸ್ತಕದಲ್ಲಿದೆ. ಇಪ್ಪತ್ತೆಂಟು ವರ್ಷಗಳಲ್ಲಿ ಅದರಿಂದ ಅರ್ಧ ಇಂಚೂ ಹೊರಗೆ ಬಿದ್ದಿಲ್ಲ. ಗಂಡನೇ ಬಂದು ಹೆಂಡತಿಯ ಅಳತೆ ಕೇಳಿದರೂ ‘ಅವರನ್ನೇ ಕೇಳಿ’ ಎನ್ನುತ್ತಾಳೆ.

ಹುಡುಗಿಗೆ ಆ ವರ್ಷ ‘ಪರದೆಯ ಸಾಹಿತ್ಯ’ ಎಂಬ ವಿಷಯವಿತ್ತು. ಪುಸ್ತಕವಿಲ್ಲ, ಪುಟ ಸಂಖ್ಯೆಯಿಲ್ಲ. ಕತೆ ಕಂಪ್ಯೂಟರಿನಲ್ಲಿ, ಅದೂ ಓದುವವರು ಏನು ಒತ್ತುತ್ತಾರೋ ಹಾಗೆ ಮುಂದುವರಿಯುವ ಕತೆ. ಒತ್ತಿದರೆ ಮುಂದೆ ಹೋಗುತ್ತದೆ ಎಂದ ಮೇಲೆ ನಮ್ಮ ಹುಡುಗಿಗೆ ಇನ್ನೇನು ಬೇಕು. ಮೊದಲೆರಡು ಕತೆಗಳನ್ನು ಅವಳು ಕದ ತಟ್ಟಿದ ಹಾಗೆ ಟಪಟಪ ಒತ್ತಿ ಮುಗಿಸಿದಳು. ಆದರೆ ಯಾರು ಎಲ್ಲಿ ಒತ್ತಿದರು, ಎಷ್ಟು ಹೊತ್ತು ನಿಂತರು ಎಂಬ ಪಟ್ಟಿ ತಾನಾಗಿಯೇ ಮೇಷ್ಟ್ರಿಗೆ ಹೋಗುತ್ತದೆ ಎನ್ನುವುದು ಅವಳಿಗೆ ಆಮೇಲೆ ತಿಳಿಯಿತು.

“ಎರಡು ಗಂಟೆ ಓದೋದನ್ನ ಹನ್ನೊಂದು ನಿಮಿಷಕ್ಕೆ ಮುಗಿಸಿದ್ದೀಯಲ್ಲಮ್ಮ, ಹಿಂದೆ ಯಾರಾದ್ರೂ ಅಟ್ಟಿಸಿಕೊಂಡು ಬಂದ್ರಾ?” ಎಂದರು ಮೇಷ್ಟ್ರು. ಎರಡೂ ಕತೆಯ ಪರೀಕ್ಷೆಯಲ್ಲಿ ಹತ್ತಕ್ಕೆ ಮೂರು. ಮೂರನೆಯ ಕತೆಯ ಪರೀಕ್ಷೆಯಲ್ಲಿ ಆರಾದರೂ ಬರದಿದ್ದರೆ ಮುಂದಿನ ವರ್ಷ ಮತ್ತೆ ಇದೇ ತರಗತಿ, ಇದೇ ಬೆಂಚು, ತನಗಿಂತ ಚಿಕ್ಕವರ ನಡುವೆ.

ಮೂರನೆಯ ಕತೆಯ ಹೆಸರು ‘ಬೆಂಚು’. ಪರದೆಯ ಮೇಲೆ ಆಸ್ಪತ್ರೆಯ ಒಂದು ಉದ್ದನೆಯ ಬೆಂಚು, ಅದರ ಮೇಲೆ ವಯಸ್ಸಾದ ಒಬ್ಬ ಹೆಂಗಸು. ಪಕ್ಕದಲ್ಲಿ ಚೀಲ, ಕೊಡೆ. ಎದುರಿಗೆ ಗಡಿಯಾರ, ಒಂದು ಬಾಗಿಲು. ಯಾವುದನ್ನು ಒತ್ತಿದರೂ ಒಂದೆರಡು ಸಾಲು ಬರುತ್ತವೆ. ಬಾಗಿಲನ್ನು ಒತ್ತಿದರೆ ಆಕೆಯ ಟೋಕನ್ ಸಂಖ್ಯೆ ಕೂಗುತ್ತಾರೆ, ಆಕೆ ಎದ್ದು ಒಳಗೆ ಹೋಗುತ್ತಾಳೆ, ಕತೆ ಮುಗಿಯುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಪಾಸ್‌ವರ್ಡ್, ಒಂದೇ ಸಲ ಓದುವಂಥದ್ದು.

ಶನಿವಾರ ಮಧ್ಯಾಹ್ನ ಹುಡುಗಿ ಒಂದು ಉಪಾಯ ಹೂಡಿದಳು. ಮೇಷ್ಟ್ರಿಗೆ ಬೇಕಾದದ್ದು ನಿಧಾನ ತಾನೇ? ತಗೊಳ್ಳಲಿ ನಿಧಾನ. ‘ಬೆಂಚು’ ತೆರೆದು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಸ್ನಾನಕ್ಕೆ ಹೋದಳು. ತಲೆಗೂ ನೀರು ಹಾಕಿಕೊಂಡಳು. ಕೆಳಗಿಳಿದು ಊಟ ಮಾಡಿದಳು, ಎದುರು ಮನೆಯ ಗೆಳತಿಯ ಹತ್ತಿರ ಹರಟಿದಳು. ಅಷ್ಟೂ ಹೊತ್ತು ತಾನು ಆ ಹೆಂಗಸಿನ ಎದುರು ಗಾಢ ಚಿಂತನೆಯಲ್ಲಿ ಮುಳುಗಿದ್ದೇನೆ ಎಂದು ಪಟ್ಟಿ ಹೇಳುತ್ತದೆ ಎಂದು ಒಳಗೊಳಗೇ ನಗು. ಆಮೇಲೆ ಮೇಲೆ ಹೋಗಿ ನಾಲ್ಕು ಕಡೆ ಒತ್ತಿದರಾಯಿತು.

ಮೇಲೆ ಬಂದು ನೋಡಿದರೆ ಕುರ್ಚಿಯಲ್ಲಿ ದೊಡ್ಡಮ್ಮ ಕೂತಿದ್ದಾಳೆ. ಹುಡುಗಿ ಕೇಳದೆ ಎತ್ತಿಕೊಂಡು ಬಂದಿದ್ದ ಒಳ್ಳೆಯ ಕತ್ತರಿ ಅವಳ ತೊಡೆಯ ಮೇಲಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಪರದೆಯ ಮೇಲೆ ಬೆಂಚು ಖಾಲಿ. ಅದರ ಕೆಳಗೆ ಒಂದೇ ಸಾಲು: ‘ಜೊತೆಗೆ ಕೂತಿದ್ದಕ್ಕೆ ಉಪಕಾರವಾಯಿತು.’

ಹುಡುಗಿ ಓಡಿ ಬಂದು ಪರದೆಗೆ ಬಗ್ಗಿದಳು. “ಏನ್ ಮಾಡ್ದೆ ದೊಡ್ಡಮ್ಮ? ಏನ್ ಒತ್ತಿದೆ?”

“ನಾನೇನೂ ಮುಟ್ಟಿಲ್ಲಮ್ಮ. ನಿನ್ನ ಸಾಮಾನು ಕೆಟ್ಟುಹೋದ್ರೆ ಯಾರು ಜವಾಬ್ದಾರಿ? ಕತ್ತರಿ ಹುಡುಕ್ಕೊಂಡು ಬಂದೆ. ‘ಒಂದ್ ಸ್ವಲ್ಪ ಹೊತ್ತು ಕೂತ್ಕೋತೀರಾ’ ಅಂದ್ರು ಆಕೆ. ವಯಸ್ಸಾದವರು, ಆಸ್ಪತ್ರೇಲಿ ಒಬ್ಬರೇ ಇದಾರೆ. ಹೇಗೆ ಎದ್ದು ಬರೋದು ಹೇಳು? ಕೂತೆ.”

ಏನೂ ಒತ್ತದೆ ಕಾದರೆ ಆ ಹೆಂಗಸು ತಾನಾಗಿಯೇ ಮಾತಿಗೆ ತೊಡಗುತ್ತಾಳೆ ಎಂಬುದು ಹುಡುಗಿಗೆ ಆಗ ಹೊಳೆಯಿತು. ಅಕ್ಷರಗಳು ಒಂದೊಂದಾಗಿ ಮೂಡುತ್ತವಂತೆ. ತುಟಿಯಾಡಿಸಿಕೊಂಡು ಒಂದೊಂದೇ ಪದ ಓದುವ ದೊಡ್ಡಮ್ಮನಿಗೆ ಹೇಳಿ ಮಾಡಿಸಿದ ವೇಗ.

“ಏನ್ ಹೇಳಿದ್ರು?”

“ಏನೋ ಹೇಳಿಕೊಂಡ್ರು. ಪಾಪ.”

“ಅದೇ, ಏನು?”

“‘ಇದು ನಮ್ಮಿಬ್ಬರಲ್ಲೇ ಇರಲಿ’ ಅಂದ್ರು,” ಎಂದು ದೊಡ್ಡಮ್ಮ ಕತ್ತರಿ ಎತ್ತಿಕೊಂಡು ಎದ್ದಳು.

ಭಾನುವಾರವಿಡೀ ಹುಡುಗಿ ತಿಪ್ಪರಲಾಗ ಹಾಕಿದಳು. ಹದಿನಾಲ್ಕು ಪ್ಯಾಂಟುಗಳ ಹೊಲಿಗೆ ಬಿಚ್ಚಿಕೊಟ್ಟಳು. ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿದಳು. ಕೊನೆಗೆ ಊಹೆಗೆ ಇಳಿದಳು.

“ಮಗ ಬಿಟ್ಟು ಹೋಗಿದ್ನಾ?”

“ಆ ಕಪ್ಪು ದಾರ ಕೊಡು.”

“ಗಂಡನಿಗೆ ಗೊತ್ತಿಲ್ಲದ ಹಾಗೆ ಏನಾದ್ರೂ?”

“ಕಪ್ಪು ಅಂದೆ, ನೀಲಿ ಅಲ್ಲ.”

ಮುಖ ನೋಡಿ ಏನಾದರೂ ಗೊತ್ತಾದೀತೇ ಎಂದರೆ, ಅದು ಟೇಪು ಹಿಡಿದು ‘ಮೂವತ್ತಾರು’ ಎನ್ನಬೇಕಾದ ಕಡೆ ನಲವತ್ತೊಂದು ಕಂಡರೂ ಅಲುಗದೆ ಪಳಗಿದ ಮುಖ. ಹುಡುಗಿಗೆ ಅಳುವೇ ಬಂತು. “ಅದು ಕತೆ ದೊಡ್ಡಮ್ಮ. ಯಾರೋ ಕೂತು ಬರೆದದ್ದು. ಆ ಹೆಂಗಸು ಇಲ್ವೇ ಇಲ್ಲ. ನಾನು ಫೇಲಾಗ್ತೀನಿ ಕಣೆ.”

ದೊಡ್ಡಮ್ಮ ಹೊಲಿಗೆ ನಿಲ್ಲಿಸಿದಳು. ಮಗುವಿನ ಕಣ್ಣೀರು ಕಂಡು ಅವಳ ಕರುಳೂ ಚುರ್ರೆಂದಿತು, ಇಲ್ಲವೆನ್ನಲಾರೆ. ಆದರೂ ಹೇಳಿದಳು: “ಇಲ್ಲದವರ ವಿಷಯ ಅಂದ್ರೆ ಇನ್ನೂ ಜೋಪಾನ ಬೇಕು. ಇದ್ದವರಾದ್ರೆ ‘ಯಾಕ್ರೀ ಹೇಳಿದ್ರಿ’ ಅಂತ ಬಂದು ಜಗಳ ಆಡಬಹುದು. ಆಕೆ ಎಲ್ಲಿಂದ ಬರ್ತಾರೆ?”

ಸೋಮವಾರ ತರಗತಿಯಲ್ಲಿ ಮೇಷ್ಟ್ರು ಪಟ್ಟಿ ಹಿಡಿದು ಬಂದರು. ಒಂಬತ್ತು ನಿಮಿಷ, ಏಳು ನಿಮಿಷ, ಹದಿನಾಲ್ಕು ನಿಮಿಷ ಎಂದು ಓದುತ್ತಾ ಹೋಗಿ ಒಂದು ಕಡೆ ನಿಂತರು. ಕನ್ನಡಕದ ಮೇಲಿನಿಂದ ಹುಡುಗಿಯನ್ನು ನೋಡಿದರು.

“ಐವತ್ತೆರಡು ನಿಮಿಷ. ಒಂದೂ ಕ್ಲಿಕ್ ಇಲ್ಲ. ಆರು ವರ್ಷದಿಂದ ಈ ಪಾಠ ಮಾಡ್ತಿದೀನಿ, ಆಕೆ ಜೊತೆ ಪೂರ್ತಿ ಕೂತವರು ಒಬ್ಬರೂ ಇರಲಿಲ್ಲ. ಪ್ರತಿ ವರ್ಷ ಕೊನೆಗೆ ನಾನೇ ಹೇಳಬೇಕಾಗ್ತಿತ್ತು. ಎದ್ದು ನಿಲ್ಲಮ್ಮ. ಆಕೆ ಏನು ಹೇಳಿದ್ರು ಅಂತ ಇವರಿಗೆಲ್ಲ ಹೇಳು.”

ಹುಡುಗಿ ಎದ್ದು ನಿಂತಳು. ದಾರಿಯಲ್ಲಿ ಒಂದು ಕತೆ ಕಟ್ಟಿಕೊಂಡೇ ಬಂದಿದ್ದಳು: ಒಬ್ಬ ಮಗ, ಒಂದು ಹಡಗು, ತಲುಪದ ಒಂದು ಕಾಗದ. ಆದರೆ ಮೇಷ್ಟ್ರ ಮುಖದಲ್ಲಿ ಎಂಥ ಖುಷಿಯಿತ್ತೆಂದರೆ ಆ ಹಡಗು ಬಾಯಿಂದ ಹೊರಡಲೇ ಇಲ್ಲ.

“ನಾನು ಓದ್ಲಿಲ್ಲ ಸರ್. ಸ್ನಾನಕ್ಕೆ ಹೋಗಿದ್ದೆ. ಓದಿದ್ದು ನಮ್ಮ ದೊಡ್ಡಮ್ಮ.”

ತರಗತಿ ಗೊಳ್ಳೆಂದಿತು. ಮೇಷ್ಟ್ರ ಹುಬ್ಬು ಮೇಲೇರಿತು. “ಸರಿ, ದೊಡ್ಡಮ್ಮ ಏನಂದ್ರು ಅದನ್ನೇ ಹೇಳು.”

“ಅವಳು ಹೇಳಲ್ಲ ಅಂದ್ಲು ಸರ್. ಯಾರಿಗೂ ಹೇಳಬೇಡಿ ಅಂತ ಆಕೆ ಕೇಳ್ಕೊಂಡಿದ್ರಂತಲ್ಲ. ಅದಕ್ಕೆ.”

ಮೇಷ್ಟ್ರು ಪಟ್ಟಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆ ಹೆಂಗಸು ಹೇಳಿದ್ದರ ಬಗ್ಗೆ ಅವರು ಇಪ್ಪತ್ತೆರಡು ಪುಟದ ಪ್ರಬಂಧ ಬರೆದಿದ್ದರು, ಎರಡು ಊರುಗಳಲ್ಲಿ ಭಾಷಣ ಮಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದರು. ‘ನಮ್ಮಿಬ್ಬರಲ್ಲೇ ಇರಲಿ’ ಎಂಬ ಸಾಲನ್ನು ‘ನಿರೂಪಣೆಯ ತಂತ್ರ’ ಎಂದು ಅವರೇ ವಿವರಿಸಿದ್ದರು. ಅದು ಒಬ್ಬರು ಇನ್ನೊಬ್ಬರನ್ನು ಕೇಳಿಕೊಂಡ ಮಾತೂ ಹೌದು ಎಂಬುದು ಆರು ವರ್ಷದಲ್ಲಿ ಅವರ ತಲೆಗೆ ಹೋಗಿರಲಿಲ್ಲ.

“ಈ ವರ್ಷ ನಾನು ಹೇಳಲ್ಲ,” ಎಂದರು ಕೊನೆಗೆ. “ಎಲ್ಲರಿಗೂ ಹೊಸ ಪಾಸ್‌ವರ್ಡ್ ಕೊಡ್ತೀನಿ. ಹೋಗಿ ಕೂತ್ಕೊಳ್ಳಿ. ಆದ್ರೆ ನಾಳಿನ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗಿ ಹೋಗಿದೆ, ಅದು ನನ್ನ ಕೈಲಿಲ್ಲ. ಆಕೆ ಏನು ಹೇಳಿದ್ರು ಅನ್ನೋ ಪ್ರಶ್ನೆಗೆ ಐದು ಅಂಕ.”

ಆ ಮಧ್ಯಾಹ್ನ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಬೆಂಚಿನ ಎದುರು ಕೂತಳು. ಮೊದಲ ಐದು ನಿಮಿಷ ಬೆರಳುಗಳಿಗೆ ನವೆ ಎದ್ದಿತು. ಎರಡೂ ಕೈಯನ್ನು ತೊಡೆಯ ಅಡಿಗೆ ಹಾಕಿಕೊಂಡಳು. ಗಡಿಯಾರ ಆಡುತ್ತಿತ್ತು, ಹೆಂಗಸು ಸುಮ್ಮನಿದ್ದಳು. ಎಂಟನೆಯ ನಿಮಿಷಕ್ಕೆ ಆಕೆ ಚೀಲವನ್ನು ತುಸು ಸರಿಸಿ ಜಾಗ ಮಾಡಿದಳು. ‘ಒಂದು ಸ್ವಲ್ಪ ಹೊತ್ತು ಕೂತ್ಕೋತೀರಾ?’ ಎಂಬ ಅಕ್ಷರಗಳು ಮೂಡಿದವು. ಹುಡುಗಿ ಯಾರೂ ಇಲ್ಲದ ಕೋಣೆಯಲ್ಲಿ “ಹೂಂ” ಎಂದಳು, ಆಮೇಲೆ ನಾಚಿಕೊಂಡಳು.

ಆಮೇಲೆ ಆಕೆ ಮಾತಾಡಿದಳು. ನಡುವೆ ಎಷ್ಟೋ ಹೊತ್ತು ಸುಮ್ಮನಾಗುತ್ತಿದ್ದಳು, ಬಂದ ಸಾಲನ್ನು ಅಳಿಸಿ ಬೇರೆ ಹೇಳುತ್ತಿದ್ದಳು, ಹೇಳಲೋ ಬೇಡವೋ ಎಂಬಂತೆ. ಯಾರೋ ತನ್ನನ್ನು ನಂಬುತ್ತಿದ್ದಾರೆ ಎಂದು ಹುಡುಗಿಗೆ ಅನ್ನಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅವಸರದವರಿಗೆ ಯಾರು ತಾನೇ ಏನು ಹೇಳಿಕೊಳ್ಳುತ್ತಾರೆ? ಕೊನೆಗೆ ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂಬ ಸಾಲು ಮೂಡಿತು. ಟೋಕನ್ ಕೂಗಿದರು. ಆಕೆ ಕೊಡೆ ಊರಿಕೊಂಡು ಎದ್ದು ಹೋದಳು. ಹುಡುಗಿ ಖಾಲಿ ಬೆಂಚನ್ನು ನೋಡುತ್ತಾ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು.

ಮರುದಿನ ಮಿಕ್ಕವರೆಲ್ಲ ಐದು ಅಂಕದ ಪ್ರಶ್ನೆಗೆ ಪುಟಗಟ್ಟಲೆ ಬರೆದರು. ಹುಡುಗಿ ಉಳಿದ ಪ್ರಶ್ನೆಗಳಿಗೆ ಜೀವನದಲ್ಲೇ ಮೊದಲ ಬಾರಿಗೆ ನಿಧಾನವಾಗಿ, ಚೆನ್ನಾಗಿ ಬರೆದಳು. ಆ ಒಂದು ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, ‘ಹೇಳಿದರು. ಬರೆಯುವುದಿಲ್ಲ’ ಎಂದು ಬರೆದಿಟ್ಟಳು.

ಮೇಷ್ಟ್ರು ಅವಳ ಎದುರಿಗೇ ತಿದ್ದಿದರು. ಉಳಿದದ್ದಕ್ಕೆಲ್ಲ ಪೂರ್ತಿ ಅಂಕ ಕೊಟ್ಟರು. ಐದಕ್ಕೆ ಐದು. ಆ ಪ್ರಶ್ನೆಯ ಮುಂದೆ ಕೆಂಪು ಪೆನ್ನು ತುಂಬ ಹೊತ್ತು ಗಾಳಿಯಲ್ಲೇ ನಿಂತು, ಕೊನೆಗೆ ಸೊನ್ನೆ ಹಾಕಿತು. “ಮುಂದಿನ ವರ್ಷವೂ ನಾನೇ ಇರ್ತೀನಮ್ಮ,” ಎಂದರು, ತಲೆಯೆತ್ತದೆ.

ಸಂಜೆ ಅಂಗಡಿಯಲ್ಲಿ ದೊಡ್ಡಮ್ಮ ಮೆಷಿನ್ ತುಳಿಯುತ್ತಿದ್ದಳು. ಹುಡುಗಿ ಪಕ್ಕದ ಸ್ಟೂಲಿನಲ್ಲಿ ಕೂತು ವಿಷಯ ಹೇಳಿದಳು. ಒಂದು ಅಂಕದಲ್ಲಿ ಹೋಯಿತು. ದೊಡ್ಡಮ್ಮ ಕಾಲು ನಿಲ್ಲಿಸಿದಳು.

“ಅದನ್ನ ಬರೆದಿದ್ರೆ ಪಾಸಾಗ್ತಿತ್ತಾ?”

“ಹೂಂ.”

“ಗೊತ್ತಿದ್ದೂ ಬರೀಲಿಲ್ವಾ?”

“ಇಲ್ಲ.”

ದೊಡ್ಡಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಕೈಯಲ್ಲಿದ್ದ ಬಟ್ಟೆಯನ್ನು ನೀವಿದಳು, ಮಡಿಸಿದಳು, ಮತ್ತೆ ಬಿಚ್ಚಿದಳು. ತನ್ನಿಂದಲೇ ಮಗು ಒಂದು ವರ್ಷ ಕಳೆದುಕೊಂಡಿತು ಎಂಬ ಸಂಕಟ ಒಂದು ಕಡೆ, ಎದೆ ತುಂಬುವಷ್ಟು ಹೆಮ್ಮೆ ಇನ್ನೊಂದು ಕಡೆ. ಹುಡುಗಿಯ ತಲೆ ನೇವರಿಸಿದಳು. ಎಷ್ಟೋ ಹೊತ್ತಾದ ಮೇಲೆ, ಇಪ್ಪತ್ತೆಂಟು ವರ್ಷ ಒಂದು ಅಳತೆಯನ್ನೂ ಹೊರಗೆ ಬಿಡದ ಬಾಯಿಂದ, ಅವಳಿಗೇ ತಿಳಿಯದ ಹಾಗೆ ಮಾತು ಜಾರಿತು.

“ನಿಂಗೂ ಆ ಮಗಳ ವಿಷಯಾನೇ ಹೇಳಿದ್ರಾ, ಪುಟ್ಟಾ?”

ಆಡಿದ ಮರುಗಳಿಗೆಯೇ ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಮುಖ ಅಷ್ಟು ಬಿಳಿಚಿದ್ದನ್ನು ಹುಡುಗಿ ಎಂದೂ ಕಂಡಿರಲಿಲ್ಲ.

ಹುಡುಗಿ ಅವಸರ ಮಾಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಒಂದು ಗುಂಡಿಯನ್ನು ಬಗ್ಗಿ ಎತ್ತಿಕೊಂಡಳು, ಅದರ ಬಣ್ಣ ನೋಡಿ ಡಬ್ಬಿಗೆ ಹಾಕಿದಳು, ಆಮೇಲೆ ತಿರುಗಿದಳು.

“ಏನೋ ಅಂದ್ಯಲ್ಲ ದೊಡ್ಡಮ್ಮ, ಮೆಷಿನ್ ಸದ್ದಲ್ಲಿ ಒಂದೂ ಕೇಳಿಸ್ಲಿಲ್ಲ,” ಎಂದಳು.

ಮೆಷಿನ್ ನಿಂತು ಆಗಲೇ ಹತ್ತು ನಿಮಿಷವಾಗಿತ್ತು.